ಆರು ಕಟ್ಟು ಮೆಂತೆ, ಒಂದು ಹಿಡಿ ಪಲ್ಯ

ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಪಲ್ಯ ಮಾಡಿದೆ. ಅದಕ್ಕೂ ಮುಂಚೆ ಒಲೆಯ ಹತ್ತಿರ ಹೋಗಿದ್ದರೆ ಬೀಡಿ ಹೊತ್ತಿಸಿಕೊಳ್ಳಲು ಹೋಗಿರಬೇಕು. ನನ್ನ ವಾರಿಗೆಯ ಗಂಡಸರೆಲ್ಲ ಹಾಗೆಯೇ ಇದ್ದೆವು. ಅದರಲ್ಲಿ ವಿಶೇಷವೇನೂ ಇಲ್ಲ. ಹೊಲದಲ್ಲಿ ಸೊಪ್ಪು-ತಪ್ಪಲು ಬೆಳೆದಿದ್ದೇನೆ, ಗಂಟು ಕಟ್ಟಿ ಹೊತ್ತು ತಂದಿದ್ದೇನೆ, ತಾಟಿಗೆ ಬಂದಾಗ ರೊಟ್ಟಿ ಮುರಿದು ತಿಂದಿದ್ದೇನೆ. ಅಂಗಳಕ್ಕೂ ತಾಟಿಗೂ ನಡುವೆ ಅದಕ್ಕೆ ಏನಾಗುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ. ನೋಡದೆಯೇ ಗೊತ್ತು ಎಂದುಕೊಂಡಿದ್ದೆ. ಆ ತಿಳುವಳಿಕೆಯ ಮೇಲೆ ನಿಂತು ಒಬ್ಬ ಹೆಣ್ಣುಮಗಳನ್ನು ನಾಲ್ಕು ಮಂದಿಯ ಎದುರು ಕಳ್ಳಿ ಎಂದೆ. ಅದನ್ನೀಗ ಬರೆಯಬೇಕಾಗಿದೆ.

ಕಳೆದ ಚಳಿಗಾಲದ ಶುರುವಿನಲ್ಲಿ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ನಾವಿರುವುದು ವಿಜಯಪುರದಲ್ಲಿ, ಮಗ-ಸೊಸೆಯ ಜೊತೆ. ಸೊಸೆ ಶಿಕ್ಷಕಿ, ಬೆಳಿಗ್ಗೆ ಬೇಗ ಬಸ್ಸು ಹಿಡಿಯುತ್ತಾಳೆ. ಮಗ ಆಕೆಯ ಹಿಂದೆಯೇ ಅಂಗಡಿಗೆ ಹೊರಡುತ್ತಾನೆ. ಕೈಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ರಕ್ತ ಪರೀಕ್ಷೆಯನ್ನೂ ಮಾಡಿಸಿ, ಮುದುಕಿಯ ಮೈಯಲ್ಲಿ ರಕ್ತವೇ ಇಲ್ಲ, ಗುಳಿಗೆಯ ಜೊತೆಗೆ ದಿನಾ ಒಂದು ಹೊತ್ತು ತಪ್ಪಲು ಪಲ್ಯ ತಿನ್ನಿಸಿರಿ ಎಂದರು. ಜೋಳದ ರೊಟ್ಟಿ ಓಣಿಯಲ್ಲಿ ಬಡಿದು ಮಾರುವವರ ಹತ್ತಿರ ಸಿಗುತ್ತದೆ. ಪಲ್ಯ ಮಾತ್ರ ಮನೆಯಲ್ಲೇ ಆಗಬೇಕು. ಸೊಸೆ ನಸುಕಿನಲ್ಲೆದ್ದು ಮಾಡಿಟ್ಟು ಹೋಗುತ್ತೇನೆ ಎಂದಳು. ಹೆಂಡತಿ ಒಪ್ಪಲಿಲ್ಲ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಇವರು ಮಾಡ್ತಾರ ಬಿಡವಾ. ಎರಡೂ ಕೈ ಗಟ್ಟಿ ಅದಾವು,” ಎಂದಳು.

ಮರುದಿನ ಗಾಂಧಿ ಚೌಕದ ಕಡೆ ಹೊರಟಾಗ ಆರು ಕಟ್ಟು ಮೆಂತೆ ತನ್ನಿ ಎಂದಳು. ಸೊಸೆ-ಮಗನ ಡಬ್ಬಿ ಬೇರೆ, ತಿನ್ನುವವರು ನಾವಿಬ್ಬರೇ.

“ಆರು ಕಟ್ಟ? ಮನ್ಯಾಗ ಮದುವಿ ಐತೇನು?”

“ನೀವು ತರ್ರಿ ಸುಮ್ಮ.”

ಚೌಕದ ಒಳಸಂದಿಯಲ್ಲಿ ಒದ್ದೆ ಗೋಣಿಚೀಲದ ಮೇಲೆ ತಪ್ಪಲು ಹರಡಿಕೊಂಡು ಕೂತ ಹೆಂಗಸರಲ್ಲಿ ಒಬ್ಬಾಕೆಯಿಂದ ಆರು ಕಟ್ಟು ಕೊಂಡೆ. ಎರಡು ಕೈಚೀಲ ತುಂಬಿದವು. ಅಡಿಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೆಂಡತಿ ಕೂತಳು. ಮೊಣಕೈವರೆಗೆ ಬಿಳಿ ಪ್ಲಾಸ್ಟರ್, ನ್ಯಾಯಾಧೀಶೆಯ ಹಾಗೆ. ನೆಲದ ಮೇಲೆ ನಾನು. ಎಲೆ ಬಿಡಿಸುವುದಕ್ಕೇ ಒಂದು ತಾಸು ಹೋಯಿತು. ಮೆಂತೆಯ ಎಲೆ ಎಷ್ಟು ಸಣ್ಣದು, ಮೂರು ಮೂರು ಕೂಡಿ ಹೇಗೆ ಒಂದು ಕಡ್ಡಿಗೆ ಹಿಡಿದಿರುತ್ತದೆ ಎಂಬುದನ್ನು ನಾನು ಬೆಳೆದವನಾದರೂ ಆವತ್ತೇ ನೋಡಿದ್ದು. ಬೆರಳೆಲ್ಲ ಹಸಿರು, ಕೈ ತುಂಬ ಆ ಕಹಿ ವಾಸನೆ. ಒಂದು ಕಡೆ ಕಡ್ಡಿ-ಬೇರಿನ ಗುಡ್ಡೆ, ಇನ್ನೊಂದು ಕಡೆ ಎಲೆಯ ಗುಡ್ಡೆ. ಮೂರು ನೀರು ತೊಳೆದೆ. ಮೂರನೆಯ ನೀರಿನ ತಳದಲ್ಲೂ ಎರೆಮಣ್ಣು ಕೂತಿತ್ತು.

ಸಾಮಾನ್ಯವಾಗಿ ನಮ್ಮ ಮನೆಯಲ್ಲಿ ಮೆಂತೆಗೆ ತೊಗರಿಬೇಳೆ ಹಾಕುತ್ತಾರೆ. ಬೇಳೆ ಎಲ್ಲಿ ಎಂದು ಕೇಳಿದೆ.

“ಬ್ಯಾಳಿ ಬ್ಯಾಡ. ಡಾಕ್ಟರು ಬರೇ ತಪ್ಪಲ ಅಂದಾರ.”

ಎಣ್ಣೆ ಕಾಯಿಸಿ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿದೆ. ಆಮೇಲೆ ಎಲೆ. ಕಡಾಯಿಯ ಅಂಚು ಮೀರಿ ಗೋಪುರವಾಯಿತು. ಎರಡೂ ಕೈಯಿಂದ ಒತ್ತಬೇಕಾಯಿತು. ಆ ಗೋಪುರಕ್ಕೆ ತಕ್ಕಷ್ಟು ಉಪ್ಪು ನಾನಾಗಿಯೇ ಸುರಿದುಬಿಟ್ಟೆ. ಹೆಂಡತಿ ಬಾಯಿ ತೆರೆದವಳು ಯಾಕೋ ಸುಮ್ಮನಾದಳು. ಮುಚ್ಚಳ ಇಟ್ಟರೆ ಕೂಡಲಿಲ್ಲ, ಎಲೆಯ ಮೇಲೆ ಟೊಪ್ಪಿಗೆಯ ಹಾಗೆ ಕೂತಿತು.

ನೋಡುತ್ತ ನಿಂತಂತೆ ಆ ಟೊಪ್ಪಿಗೆ ಕೆಳಗಿಳಿಯತೊಡಗಿತು. ಯಾರೂ ಒತ್ತಲಿಲ್ಲ. ತಾನಾಗಿಯೇ ಒಂದು ಬೆರಳು, ಎರಡು ಬೆರಳು, ಆಮೇಲೆ ಕಡಾಯಿಯ ಅಂಚಿಗೆ ಬಂದು ಠಣ್ ಎಂದು ಕೂತಿತು. ಮುಚ್ಚಳ ತೆಗೆದೆ. ಮುಖಕ್ಕೆ ಹಬೆ ಹೊಡೆಯಿತು. ನಾನು ಒಂದು ಹನಿ ನೀರು ಹಾಕಿರಲಿಲ್ಲ; ಕಡಾಯಿಯಲ್ಲಿ ಹಸಿರು ನೀರು ಕುದಿಯುತ್ತಿತ್ತು. ಅಷ್ಟೊಂದು ನೀರು ಆ ತೆಳು ಎಲೆಗಳ ಒಳಗೆ ಎಲ್ಲಿ ಕೂತಿತ್ತು? ಅದು ಹಬೆಯಾಗಿ ಕಿಟಕಿಯ ಕಡೆ ಹೋಗುತ್ತ ಹೋಗುತ್ತ, ಗೋಪುರ ಗುಡ್ಡೆಯಾಯಿತು, ಗುಡ್ಡೆ ತಳಕ್ಕೆ ಅಂಟಿತು. ಬಣ್ಣ ಕಪ್ಪಿಗೆ ತಿರುಗಿತು. ಕೊನೆಗೆ ಉಳಿದದ್ದು ನನ್ನ ಒಂದು ಹಿಡಿ. ನಾನು ಬಗ್ಗಿ ಒಲೆಯ ಕೆಳಗೆ ನೋಡಿದೆ, ಏನಾದರೂ ಚೆಲ್ಲಿರಬಹುದು ಎಂದು. ನಿಜವಾಗಿಯೂ ನೋಡಿದೆ.

ಹೆಂಡತಿ ನಗುತ್ತಿದ್ದಳು. “ಏನ್ರಿ? ಯಾರರ ಒಯ್ದರೇನು?”

ಆ ಮಾತಿಗೆ ನಾನು ಗ್ಯಾಸು ಆರಿಸಿ ನೆಲದ ಮೇಲೆ, ಆ ಕಡ್ಡಿಗಳ ಗುಡ್ಡೆಯ ಹತ್ತಿರ ಕೂತುಬಿಟ್ಟೆ. ಯಾರಾದರೂ ಒಯ್ದರೇನು ಎಂದು ನಲವತ್ತೈದು ವರ್ಷಗಳ ಹಿಂದೆ ನಾನೇ ಕೇಳಿದ್ದೆ. ಆವತ್ತು ಅದು ತಮಾಷೆಯಾಗಿರಲಿಲ್ಲ.

ಆಗ ನಾವು ತಿಕೋಟಾದಲ್ಲಿದ್ದೆವು. ಅಪ್ಪ-ಅವ್ವ ಇಬ್ಬರೂ ಹೋಗಿದ್ದರು. ಮೂವತ್ತು ತುಂಬುವ ಮುಂಚೆಯೇ ನಾನು ಮನೆಯ ಯಜಮಾನ. ನಮ್ಮ ಓಣಿಯಲ್ಲಿ ಮ್ಯಾಟ್ರಿಕ್ ಪಾಸಾದವನು ನಾನೊಬ್ಬನೇ, ಅದರ ಸೊಕ್ಕು ಬೇರೆ. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ತಮ್ಮನ ಮದುವೆಯಾಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಅಡಿಗೆಮನೆ ಆ ಹೊಸ ಸೊಸೆಯ ಕೈಯಲ್ಲಿತ್ತು. ಇಪ್ಪತ್ತೊಂದು ವರ್ಷದ, ಜೈನಾಪುರದ ಹುಡುಗಿ. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವುದಿಲ್ಲ, ನೇರ ಮಾತಾಡುವುದಿಲ್ಲ. ಸೆರಗು ಹಣೆಗೆ ಎಳೆದುಕೊಂಡು ಬಾಗಿಲ ಮರೆಯಿಂದ ಒಂದು ಮಾತು, ಅದೂ ಬಾಗಿಲಿಗೆ ಹೇಳಿದ ಹಾಗೆ. ಆಕೆಯ ಮುಖ ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಆ ದಿನ ಬಾವಿಯ ಹೂಳು ತೆಗೆಯಲು ನಾಲ್ಕು ಜನ ಬಂದಿದ್ದರು. ಬಾವಿಯ ಪಕ್ಕ ನಾನೇ ಬಿತ್ತಿದ ಮೆಂತೆ ಸೊಂಪಾಗಿ ಎದ್ದಿತ್ತು. ಬೆಳಿಗ್ಗೆಯೇ ಕಿತ್ತು ಧೋತರದಲ್ಲಿ ಗಂಟು ಕಟ್ಟಿದೆ. ತಬ್ಬಿದರೆ ಕೈ ಕೂಡದಷ್ಟು ದೊಡ್ಡ ಗಂಟು. ಆ ನಾಲ್ವರಿಗೂ ಕೇಳುವ ಹಾಗೆ, ಇವತ್ತು ಹೊಟ್ಟೆ ಬಿರಿಯುವಷ್ಟು ಮೆಂತೆ ಪಲ್ಯ ಉಣ್ಣುವಿರಂತೆ ಎಂದು ಜಂಬ ಕೊಚ್ಚಿ ಗಂಟನ್ನು ಮನೆಯ ಅಂಗಳದಲ್ಲಿ ಇಳಿಸಿದೆ.

ಅದೇ ಬೆಳಿಗ್ಗೆ ತಮ್ಮನ ಹೆಂಡತಿಯ ತಾಯಿ ಮಗಳನ್ನು ನೋಡಲು ಜೈನಾಪುರದಿಂದ ಬಂದಿದ್ದಳು. ಗಂಡ ಇಲ್ಲದ ಹೆಂಗಸು, ಕೂಲಿ ಮಾಡಿ ಮಗಳನ್ನು ಬೆಳೆಸಿದವಳು. ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋಗಬೇಕಿತ್ತು.

ಊಟಕ್ಕೆ ಕೂತಾಗ ನಾಲ್ವರ ತಾಟಿಗೂ ಒಂದೊಂದು ಚಮಚ ಪಲ್ಯ ಬಂತು. ನನ್ನ ತಾಟಿಗೂ ಅಷ್ಟೇ. ಇನ್ನಷ್ಟು ಹಾಕು ಎಂದು ಕೂಗಿದೆ. ಒಳಗಿನಿಂದ ಕರಿಂಡಿ ಚಟ್ನಿ ಬಂತು, ಪಲ್ಯ ಬರಲಿಲ್ಲ. ಆ ನಾಲ್ವರಲ್ಲಿ ಒಬ್ಬ ಬೆರಳು ನೆಕ್ಕುತ್ತ, ಮೆಂತೆ ಗಂಟು ಬಾವ್ಯಾಗ ಬಿತ್ತೇನ್ರಿ ಧಣ್ಯಾರ ಎಂದ. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾದವು.

ಕೈ ತೊಳೆದು ಹೊರಗೆ ಬಂದರೆ ಆಕೆಯ ತಾಯಿ ಗಂಟು ಹಿಡಿದುಕೊಂಡು ಕಟ್ಟೆ ಇಳಿಯುತ್ತಿದ್ದಳು. ಎದುರು ಮನೆಯ ಹೆಂಗಸು ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾಲ್ಕು ಜನ ನನ್ನ ಬೆನ್ನಿಗಿದ್ದರು.

“ಗಂಟು ಭಾಳ ದೊಡ್ಡದಾತಲ್ರಿ ಬೀಗತ್ಯಾರ,” ಎಂದೆ. “ಏನೈತಿ ಅದರಾಗ?”

ಬಾಗಿಲ ಮರೆಯಿಂದ ಆ ಹುಡುಗಿ ಮೆಲ್ಲಗೆ, “ಪಲ್ಯ ಕುದ್ದ ಮ್ಯಾಲ ಇಳೀತೈತ್ರಿ,” ಎಂದಳು. ಆ ಮನೆಯಲ್ಲಿ ಆಕೆ ನನಗೆ ಕೇಳುವಂತೆ ಆಡಿದ ಮೊದಲ ಮಾತು ಅದು.

ನಾನು ಸಾಲಿಯಲ್ಲಿ ಕಲಿತದ್ದನ್ನು ತೆಗೆದೆ. ದ್ರವ್ಯ ನಾಶವಾಗುವುದಿಲ್ಲ ಎಂದು ನಮ್ಮ ವಿಜ್ಞಾನದ ಮಾಸ್ತರರು ಬೋರ್ಡಿನ ಮೇಲೆ ಬರೆಸಿದ್ದು ನೆನಪಿತ್ತು. “ಅಷ್ಟು ದೊಡ್ಡ ಗಂಟು ಗಾಳ್ಯಾಗ ಹೋತೇನು? ಮ್ಯಾಟ್ರಿಕ್ ಪಾಸಾದವಗ ಲೆಕ್ಕ ಹೇಳತಿ?”

ತಾಯಿ ಕಟ್ಟೆಯ ಮೇಲೆ ಗಂಟು ಇಟ್ಟು ತಾನೇ ಬಿಚ್ಚಿದಳು. ಒಂದು ಹಳೆಯ ಸೀರೆ. ಮಗಳು ಕಟ್ಟಿಕೊಟ್ಟ ಒಂದಷ್ಟು ಜೋಳ, ಒಂದು ತೆಂಗಿನಕಾಯಿ. ಮತ್ತು ಬಟ್ಟೆಯಲ್ಲಿ ಸುತ್ತಿದ ಒಂದು ರೊಟ್ಟಿ, ಅದರ ಮಡಿಕೆಯಲ್ಲಿ ನಿಂಬೆಹಣ್ಣಿನಷ್ಟು ಮೆಂತೆ ಪಲ್ಯ.

“ನೋಡ್ರಿ, ಸಿಕ್ಕಳು ಕಳ್ಳಿ,” ಎಂದು ನಾನು ಹಿಂದಿನವರ ಕಡೆ ತಿರುಗಿದೆ. “ಉಳಿದದ್ದು ಮೊದಲ ಹೋಗೇತಿ.”

ಆ ನಿಂಬೆಹಣ್ಣಿನಷ್ಟು ಪಲ್ಯ ಮಗಳ ಪಾಲಿನದು. ಆಕೆ ಆವತ್ತು ಬರಿಯ ಕರಿಂಡಿಯಲ್ಲಿ ಉಂಡಿದ್ದಳು. ಅದೂ ನನಗೆ ಈಚೆಗೆ ತಿಳಿದದ್ದು. ಆವತ್ತು ತಾಯಿ ಆ ರೊಟ್ಟಿಯನ್ನು ಬಟ್ಟೆಯಿಂದ ತೆಗೆದು ಕಟ್ಟೆಯ ಮೇಲೆ ಇಟ್ಟಳು. ಸೀರೆ, ಜೋಳ, ಕಾಯಿ ಮತ್ತೆ ಗಂಟು ಕಟ್ಟಿಕೊಂಡಳು. ಬಸ್ ನಿಲ್ದಾಣದ ಕಡೆ ನಡೆದು ಹೋದಳು, ತಿರುಗಿ ನೋಡಲಿಲ್ಲ. ಆಮೇಲೆ ಮಗಳನ್ನು ಹೆರಿಗೆಗೆ ಕರೆದೊಯ್ಯಲೂ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಗೋದಲಿಯಲ್ಲಿ ನಮ್ಮ ಎಮ್ಮೆ ಮೆಂತೆಯ ಕಡ್ಡಿ ಮೆಲ್ಲುತ್ತ ನಿಂತಿತ್ತು. ಆ ಗಂಟಿನ ಅರ್ಧ ಅದರ ಬಾಯಲ್ಲಿತ್ತು. ನಾನು ಅದರ ಬೆನ್ನು ಚಪ್ಪರಿಸಿ ಹೊಲಕ್ಕೆ ಹೋದೆ.

ಪೇಟೆಯಿಂದ ಬಂದ ತಮ್ಮನಿಗೆ ಸಂಜೆ ಎಲ್ಲ ಗೊತ್ತಾಯಿತು. ನನ್ನೊಡನೆ ಜಗಳವಾಡಲಿಲ್ಲ. ಎರಡು ವರ್ಷದಲ್ಲಿ ಬೇರೆಯಾಗಿ, ಹೆಂಡತಿಯ ಊರಿಗೆ ಹತ್ತಿರವಾಗುತ್ತದೆ ಎಂದು ಬಬಲೇಶ್ವರದಲ್ಲಿ ಮನೆ ಮಾಡಿದ. ಊರವರು ಹೊಲದ ಪಾಲಿನ ತಕರಾರು ಎಂದರು. ನಾನೂ ಹಾಗೆಯೇ ಹೇಳುತ್ತ ಬಂದೆ. ಆತ ತೀರಿಹೋಗಿ ಒಂಬತ್ತು ವರ್ಷವಾಯಿತು.

ಈಗ ನಿಜ ಹೇಳುತ್ತೇನೆ. ನಡುವಿನ ಇಷ್ಟು ವರ್ಷದಲ್ಲಿ ನನಗೆ ಅನುಮಾನವೇ ಬಂದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಮದುವೆಯಲ್ಲಿ ಅಡಿಗೆಯವರು ಹಂಡೆಗೆ ಬುಟ್ಟಿ ಬುಟ್ಟಿ ರಾಜಗಿರಿ ಸುರಿಯುವುದನ್ನು ದೂರದಿಂದ ಕಂಡಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅದೇ ಹಂಡೆಯ ತಳಕ್ಕೆ ಸೌಟು ತಾಗಿದ ಸದ್ದು ಕೇಳಿದಾಗ ಆ ಹಳೆಯ ಗಂಟು ನೆನಪಾಯಿತು. ಎದ್ದು ಹೊರಗೆ ಹೋಗಿ ಎಲೆ-ಅಡಿಕೆ ಹಾಕಿಕೊಂಡೆ. ಗೊತ್ತಾಗಬಾರದು ಎಂದು ಬಯಸುವವನಿಗೆ ಯಾವುದನ್ನೂ ಗೊತ್ತುಮಾಡಿಕೊಡಲು ಆಗುವುದಿಲ್ಲ. ನನ್ನ ಕೈಯಾರೆ ಕಡಾಯಿಗೆ ತುಂಬಿ, ಕಣ್ಣೆದುರಿಗೆ ಅದು ಇಳಿದಾಗ ಮಾತ್ರ ಎದ್ದು ಹೋಗಲು ಜಾಗ ಇರಲಿಲ್ಲ.

ಆ ದಿನ ನೆಲದ ಮೇಲೆ ಕೂತೇ ಹೆಂಡತಿಗೆ ಎಲ್ಲ ಹೇಳಿದೆ. ಆಕೆ ತಲೆಯಾಡಿಸುತ್ತ ಕೇಳಿದಳು.

“ನನಗ ಗೊತ್ತಿತ್ತು,” ಎಂದಳು. “ಬಾಣಂತನ ಮುಗಿಸಿ ಬಂದ ದಿನಾನ ಎದುರುಮನಿ ಅತ್ತಿ ಹೇಳಿದ್ಲು. ಆ ಮಾತು ನಿಮ್ಮ ಮುಂದ ತೆಗದ್ನಿ. ತಾಟು ಬೀಸಿ ಒಗದ್ರಿ. ಮರತೀರಿ.”

ನನಗೆ ನಿಜವಾಗಿಯೂ ಮರೆತಿತ್ತು. ಆಮೇಲೆ ಆಕೆ ಇನ್ನೊಂದು ಮಾತು ಹೇಳಿದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ಬರಿಯ ತಪ್ಪಲಿನ ಪಲ್ಯ ಮಾಡಿಯೇ ಇರಲಿಲ್ಲವಂತೆ. ಮೆಂತೆಗೆ ತೊಗರಿಬೇಳೆ, ರಾಜಗಿರಿಗೆ ಹೆಸರುಬೇಳೆ, ಪುಂಡಿಗೆ ಜೋಳದ ನುಚ್ಚು, ಸಬ್ಬಸಿಗೆಗೆ ಕಡಲೆಹಿಟ್ಟು. ಪಾತ್ರೆ ತುಂಬಿ ಕಾಣಬೇಕು. ಈ ಮನೆಗೆ ಬಂದ ಯಾವ ಹೆಣ್ಣುಮಗಳಿಗೂ ಮತ್ತೊಮ್ಮೆ ಗಂಟು ಬಿಚ್ಚುವ ಗತಿ ಬರಬಾರದು. ನಮ್ಮ ಸೊಸೆಗೂ ಹಾಗೆಯೇ ಕಲಿಸಿದ್ದಳು, ಕಾರಣ ಹೇಳದೆ. ಬೇಳೆ ಹಾಕಿದ ಮೆಂತೆ ನಮ್ಮ ಮನೆತನದ ರುಚಿ ಎಂದು ನಾನು ಬೀಗರ ಮುಂದೆಲ್ಲ ಹೊಗಳಿಕೊಂಡು ತಿರುಗಿದ್ದೇನೆ. ನಲವತ್ತೈದು ವರ್ಷ ನನ್ನ ತಾಟಿಗೆ ನನ್ನ ತಪ್ಪನ್ನೇ ಬೇಳೆಯಲ್ಲಿ ಮುಚ್ಚಿ ಬಡಿಸಿದ್ದರು. ನಾನು ಚಪ್ಪರಿಸಿ ತಿಂದಿದ್ದೆ.

ಆ ಮೊದಲ ದಿನದ ಪಲ್ಯ ಉಪ್ಪಿಗೆ ಬಾಯಿ ಸುಡುವಂತಿತ್ತು. ಇಬ್ಬರೂ ಮಜ್ಜಿಗೆ ಕುಡಿಯುತ್ತ ತಿಂದೆವು.

ಬಬಲೇಶ್ವರಕ್ಕೆ ಮರುದಿನವೇ ಹೋಗಬೇಕಿತ್ತು. ಹೋಗಲಿಲ್ಲ. ಹೆದರಿಕೆ. ಕೈಯ ಪ್ಲಾಸ್ಟರ್ ತೆಗೆಯಲಿ ಎಂದು ನೆಪ ಹೇಳಿಕೊಂಡು ದಿನಾ ಚೌಕಕ್ಕೆ ಹೋಗಿ ದಿನಕ್ಕೊಂದು ತಪ್ಪಲು ತಂದೆ. ಆ ಎರಡು ತಿಂಗಳು ನಾನು ಮತ್ತೆ ಸಾಲಿಗೆ ಹೋದ ಹಾಗಾಯಿತು. ಪುಂಡಿಯ ಎಲೆ ಬಿಸಿ ತಾಗಿದ ಗಳಿಗೆಯಲ್ಲಿ ಹಸಿರು ಬಿಟ್ಟು ಒಣ ಎಲೆಯ ಬಣ್ಣಕ್ಕೆ ತಿರುಗುತ್ತದೆ, ಅದರ ಹುಳಿ ಮಾತ್ರ ಕುದಿದಷ್ಟೂ ಗಟ್ಟಿ. ರಾಜಗಿರಿ ಎಲ್ಲಕ್ಕಿಂತ ಹೆಚ್ಚು ಇಳಿಯುತ್ತದೆ. ಹಕ್ಕರಕಿಯನ್ನು ಒಲೆಗೇ ಒಯ್ಯಬಾರದು, ಹಸಿಯಾಗಿ ರೊಟ್ಟಿಯ ಮೇಲಿಟ್ಟು ಶೇಂಗಾ ಹಿಂಡಿ ಚಟ್ನಿಯ ಜೊತೆ ತಿನ್ನಬೇಕು. ಕಡಲೆಯ ಕುಡಿಯನ್ನು ತೊಳೆದರೆ ಅದರ ಹುಳಿಯೆಲ್ಲ ನೀರಿನ ಪಾಲು. ಇಷ್ಟೆಲ್ಲ ನನ್ನ ಮನೆಯೊಳಗೇ ಇತ್ತು. ನಾನು ಅಂಗಳದಲ್ಲಿ ಪೇಪರು ಓದುತ್ತಿದ್ದೆ.

ಒಂದು ಬೆಳಿಗ್ಗೆ ಹೆಂಡತಿಗೆ ಚಹಾ ಕೊಡುವಾಗ ಆಕೆಯ ಉಗುರು ಕಂಡವು. ಸುಣ್ಣದ ಹಾಗಿದ್ದವು ಗುಲಾಬಿ ಬಣ್ಣಕ್ಕೆ ಬಂದಿದ್ದವು. ಡಾಕ್ಟರೂ ಈಗ ರಕ್ತ ಅಡ್ಡಿಯಿಲ್ಲ ಎಂದರು. ಗುಳಿಗೆಯ ಕೆಲಸವೂ ಇರಬಹುದು. ಆದರೆ ಒಂದು ಹಿಡಿಗೆ ಇಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಆ ಉಗುರಿನಲ್ಲಿ ಕಂಡೆ. ಮಾಸ್ತರರು ಬೋರ್ಡಿನ ಮೇಲೆ ಬರೆಸಿದ್ದು ತಪ್ಪಾಗಿರಲಿಲ್ಲ. ಕಡ್ಡಿ ಎಮ್ಮೆಗೆ, ನೀರು ಮುಗಿಲಿಗೆ, ಸತ್ವ ತಿಂದವರ ಮೈಗೆ. ಏನೂ ನಾಶವಾಗಿರಲಿಲ್ಲ.

ಇನ್ನು ತಡ ಮಾಡಲು ನಾಚಿಕೆಯಾಯಿತು. ಬಬಲೇಶ್ವರದ ಬಸ್ಸು ಹತ್ತಿದೆ.

ಸಂತೆಯ ದಿನವಾದ್ದರಿಂದ ಆಕೆಯ ಮಗ-ಸೊಸೆ ಮನೆಯಲ್ಲಿರಲಿಲ್ಲ. ತಮ್ಮನ ಹೆಂಡತಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಸಬ್ಬಸಿಗೆ ಹಸನು ಮಾಡುತ್ತಿದ್ದಳು. ಅರವತ್ತಾರರ ಮುದುಕಿ, ಮೊಮ್ಮಕ್ಕಳ ಅಜ್ಜಿ. ನನ್ನನ್ನು ಕಂಡವಳೇ ಸೆರಗು ಹಣೆಗೆ ಎಳೆದುಕೊಂಡು ಬಾಗಿಲ ಒಳಗೆ ಸರಿದಳು. ನೀರು, ಆಮೇಲೆ ಚಹಾ, ಬಾಗಿಲಿನಿಂದ ಬಂದವು. ನಾನು ಬಾಗಿಲ ಕಡೆಗೆ ಮುಖ ಮಾಡಿ ಎಲ್ಲ ಹೇಳಿದೆ. ಆರು ಕಟ್ಟು ಮೆಂತೆಯ ಸಂಗತಿ, ಎಮ್ಮೆಯ ಸಂಗತಿ, ಬೇಳೆಯ ಸಂಗತಿ. ನಿಮ್ಮ ತಾಯಿ ಕಳ್ಳಿ ಅಲ್ಲ, ನಾನು ಕುರುಡ ಎಂದೆ.

ಹೊರಟುಬಿಡಲೇ ಎಂದುಕೊಳ್ಳುವಷ್ಟರಲ್ಲಿ ಆಕೆ ಮಾತಾಡಿದಳು.

“ನಮ್ಮವ್ವ ಸಾಯೂತನಾ ಮಂದಿ ಮನ್ಯಾಗ ತಪ್ಪಲ ಪಲ್ಯ ತಿನ್ನಲಿಲ್ರಿ ಭಾವಾರ. ಹಾಕಾಕ ಬಂದ್ರ ತಾಟಿನ ಮ್ಯಾಲ ಕೈ ಅಡ್ಡ ಹಿಡೀತಿದ್ಲು.”

ನಾನು ಚಹಾದ ಬಟ್ಟಲು ಕೆಳಗಿಟ್ಟೆ.

“ಇಷ್ಟು ವರ್ಷದ ಮ್ಯಾಲ ಬಂದು ಹೇಳಿದ್ರಿ, ಚೊಲೋ ಆತು. ಆದ್ರ ಆ ಮಾತು ನೀವು ಇಲ್ಲಿ ಆಡಿದ್ದಲ್ಲಲ್ರಿ. ನನ್ನ ಕಿವ್ಯಾಗ ಆಡಿದ್ದೂ ಅಲ್ಲ.”

ಮಾತು ನನಗೆ ಅರ್ಥವಾಯಿತು. ಕಳ್ಳಿ ಎಂದದ್ದು ತಿಕೋಟಾದ ಓಣಿಯಲ್ಲಿ, ಕಟ್ಟೆಯ ಮೇಲೆ, ಮಂದಿಯ ಎದುರು. ಅಲ್ಲ ಎನ್ನುವುದನ್ನೂ ಅಲ್ಲಿಯೇ ಅನ್ನಬೇಕು. ಬರುತ್ತೀಯಾ ತಂಗಿ ಎಂದು ಕೇಳಿದೆ. ಬರುತ್ತೇನೆ ಎಂದಳು.

ಒಂದು ವಾರದ ಮೇಲೆ ನಾನು ಚೌಕದಿಂದ ಆರು ಕಟ್ಟು ಮೆಂತೆ, ಓಣಿಯಿಂದ ಐದು ರೊಟ್ಟಿ ಕಟ್ಟಿಸಿಕೊಂಡು ತಿಕೋಟಾಕ್ಕೆ ಹೋದೆ. ಆಕೆ ಬಬಲೇಶ್ವರದಿಂದ ಜೀಪಿನಲ್ಲಿ ಬಂದಳು. ನಮ್ಮ ಹಳೆಯ ಮನೆ ಬೇರೆಯವರ ಕೈಗೆ ಹೋಗಿದೆ, ಸಿಮೆಂಟಿನದಾಗಿದೆ. ಮುಂದಿನ ಕಲ್ಲಿನ ಕಟ್ಟೆ ಮಾತ್ರ ಹಾಗೆಯೇ ಇದೆ. ಎದುರು ಮನೆಯ ಹೆಂಗಸು ಇನ್ನೂ ಇದ್ದಾಳೆ. ತೊಂಬತ್ತರ ಹತ್ತಿರ. ಓಣಿಯವರೆಲ್ಲ ಆಯಿ ಎನ್ನುತ್ತಾರೆ. ಆವತ್ತು ಜೋಳ ಹಸನು ಮಾಡುತ್ತ ಎಲ್ಲವನ್ನೂ ಕೇಳಿಸಿಕೊಂಡವಳು ಅವಳೊಬ್ಬಳೇ ಉಳಿದಿರುವುದು. ಬಾವಿಯ ಕೆಲಸದ ನಾಲ್ವರಲ್ಲಿ ಯಾರೂ ಇಲ್ಲ.

ಆಯಿಯ ಮುಂದೆ ಕೂತು ಹೇಳಿದೆ. ಆಕೆ ಕಿವಿಗೆ ಕೈ ಹಿಡಿದಳು.

“ಏನಂದಿ ತಮ್ಮಾ? ಕೇಳಸೂದಿಲ್ಲ.”

ಸ್ವಲ್ಪ ದನಿ ಏರಿಸಿದೆ. ಅದಕ್ಕೂ ತಲೆಯಾಡಿಸಿದಳು. ಎದ್ದು ನಿಂತು ಕೂಗಿದೆ, ಈಕೆಯ ತಾಯಿ ಮೆಂತೆ ಕದ್ದಿರಲಿಲ್ಲ, ನಾನು ತಿಳಿಯದೆ ಕಳ್ಳಿ ಅಂದೆ, ತಪ್ಪು ನನ್ನದು ಎಂದು. ಪಕ್ಕದ ಮನೆಯವರು ಹೊರಗೆ ಬಂದರು. ದ್ರಾಕ್ಷಿ ತೋಟಕ್ಕೆ ಹೊರಟ ಹೆಂಗಸರ ಗುಂಪು ಬುತ್ತಿಗಂಟು ಹಿಡಿದು ನಿಂತಿತು. ಯಾರದು, ಏನಾಗೇತಿ ಎಂದು ಕೇಳಿದವರಿಗೆ ಇನ್ನೊಮ್ಮೆ ಮೊದಲಿಂದ ಹೇಳಬೇಕಾಯಿತು. ಕೂಗಿ ಕೂಗಿ ನನ್ನ ದನಿ ಬಿತ್ತು. ಎಲ್ಲ ಮುಗಿದ ಮೇಲೆ ಆಯಿ ತನ್ನ ಸಾಮಾನ್ಯ ದನಿಯಲ್ಲಿ ಹೇಳಿದಳು:

“ಅದು ನಮಗ ಅವತ್ತ ಗೊತ್ತಿತ್ತಲ್ಲೋ. ಓಣ್ಯಾಗಿನ ಹೆಂಗಸರಿಗೆಲ್ಲಾ ಗೊತ್ತಿತ್ತು. ಗೊತ್ತಿಲ್ಲದಾವ ನೀ ಒಬ್ಬನ.”

ತೋಟಕ್ಕೆ ಹೊರಟವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ನಗೆಗೆ ನನ್ನ ಕಿವಿ ಬಿಸಿಯಾಗಲಿಲ್ಲ.

ಆಯಿಯ ಮೊಮ್ಮಗಳು ಸಣ್ಣ ಗ್ಯಾಸ್ ಒಲೆಯನ್ನು ಕಟ್ಟೆಯ ಪಕ್ಕಕ್ಕೆ ತಂದಿಟ್ಟಳು. ತಮ್ಮನ ಹೆಂಡತಿ ಮತ್ತು ನಾನು ಎದುರುಬದುರು ಕೂತು ಎಲೆ ಬಿಡಿಸಿದೆವು. ಕಡ್ಡಿಗಳನ್ನು ಯಾರದೋ ಮೇಕೆ ಬಂದು ತಿಂದಿತು. ಒಗ್ಗರಣೆಗೆ ಎಲೆ ತುಂಬಿ, ಗೋಪುರ ಏರಿಸಿ, ಅಭ್ಯಾಸಬಲದಿಂದ ನನ್ನ ಕೈ ಉಪ್ಪಿನ ಡಬ್ಬಿಗೆ ಹೋಯಿತು. ಪಕ್ಕದಿಂದ ಆಕೆ ಬಹಳ ಮೆಲ್ಲಗೆ, ನನಗಷ್ಟೇ ಕೇಳುವಂತೆ, “ಈಗಲ್ರಿ ಭಾವಾರ. ಮೊದಲ ಇಳೀಲಿ. ಇಳದ ಮ್ಯಾಲ ಉಪ್ಪು,” ಎಂದಳು.

“ಹೂನವಾ, ಇಳೀಲಿ,” ಎಂದಳು ಹತ್ತು ಹೆಜ್ಜೆ ಆಚೆ, ಬಾಗಿಲಲ್ಲಿ ಕೂತಿದ್ದ ಆ ಕಿವುಡಿ ಆಯಿ.

ನಾನು ತಿರುಗಿ ನೋಡಿದೆ. ಆಯಿ ಬೇರೆ ಕಡೆ ನೋಡುತ್ತಿದ್ದಳು. ತಮ್ಮನ ಹೆಂಡತಿ ಸೆರಗಿನೊಳಗೆ ನಗುತ್ತಿದ್ದಳು, ಆ ಸೆರಗು ಹಣೆಯಿಂದ ಅರ್ಧ ಹಿಂದೆ ಸರಿದಿತ್ತು. ನಲವತ್ತೈದು ವರ್ಷದಲ್ಲಿ ನಾನು ಆಕೆಯ ಮುಖವನ್ನು ಸರಿಯಾಗಿ ನೋಡಿದ್ದು ಆಗ. ತಾಯಿಯ ಮುಖವೇ ಆಗಿತ್ತು.

ಓಣಿಯವರೆಲ್ಲ ನೋಡುತ್ತಿರುವಂತೆ ಪಲ್ಯ ಇಳಿಯಿತು. ಹಬೆ ಆ ಕಟ್ಟೆಯ ಮೇಲಿಂದ ಎದ್ದು ಬೇವಿನ ಟೊಂಗೆಯ ತನಕ ಹೋಯಿತು. ಅಲ್ಲಿದ್ದವರಿಗೆ ಅದು ದಿನದಿನದ ಸಂಗತಿ, ನನಗೆ ಮಾತ್ರ ಈಗಲೂ ಅದರಿಂದ ಕಣ್ಣು ಕೀಳಲು ಆಗುವುದಿಲ್ಲ. ಕಡೆಗೆ ಒಂದು ಚಿಟಿಕೆ ಉಪ್ಪು ಹಾಕಿದೆ. ಅಷ್ಟೇ ಸಾಕಾಯಿತು.

ಆಯಿಗೆ ಒಂದಿಷ್ಟು, ನನಗೊಂದಿಷ್ಟು ಬಡಿಸಿ, ತಮ್ಮನ ಹೆಂಡತಿಯೂ ಒಂದು ತುತ್ತು ತಿಂದಳು. ಉಳಿದ ನಿಂಬೆಹಣ್ಣಿನಷ್ಟು ಪಲ್ಯವನ್ನು ಒಂದು ರೊಟ್ಟಿಯ ನಡುವೆ ಇಟ್ಟು ಮಡಿಚಿದಳು. ಅದನ್ನು ಕಟ್ಟೆಯ ಮೇಲೆ, ಒಂದು ಜಾಗ ಕೈಯಿಂದ ಒರೆಸಿ, ಇಟ್ಟಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಾನೇ ಎತ್ತಿಕೊಂಡು ತಂದಿದ್ದ ಬಟ್ಟೆಯಲ್ಲಿ ಗಂಟು ಕಟ್ಟಿದಳು.

“ಇದು ನಮ್ಮವ್ವಂದು,” ಎಂದಳು. ತಾಯಿಯ ಸಮಾಧಿ ಜೈನಾಪುರದ ಹೊಲದ ಬದುವಿನಲ್ಲಿದೆ ಎಂದು ನನಗೆ ಗೊತ್ತಿತ್ತು, ಯಾವತ್ತೂ ಹೋಗಿರಲಿಲ್ಲ.

ಬಬಲೇಶ್ವರದ ಮೇಲೆ ಜೈನಾಪುರಕ್ಕೆ ಹೋಗುವ ಬಸ್ಸು ಬಂದಾಗ ಆಕೆ ಹತ್ತಲು ಎರಡೂ ಕೈಯಿಂದ ಕಂಬಿ ಹಿಡಿಯಬೇಕಿತ್ತು. ಮೊಣಕಾಲು ನೋವು. ಮೆಟ್ಟಿಲ ಕೆಳಗೆ ನಿಂತಿದ್ದ ನನ್ನ ಕಡೆ ಆ ಗಂಟನ್ನು ಚಾಚಿದಳು.

“ಹಿಡೀರಿ ಭಾವಾರ. ನೀವೂ ಬರ್ರಿ.”

ಬಬಲೇಶ್ವರದ ತನಕ ಕೂಡಲು ಜಾಗ ಸಿಗಲಿಲ್ಲ. ಒಂದು ಕೈಯಿಂದ ಮೇಲಿನ ಕಂಬಿ ಹಿಡಿದು, ಇನ್ನೊಂದು ಕೈಯಿಂದ ಗಂಟನ್ನು ಎದೆಗೆ ಹಿಡಿದುಕೊಂಡು ನಿಂತೆ. ಅದಿನ್ನೂ ಬೆಚ್ಚಗಿತ್ತು. ಅದರಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ.